ಮೇಲಿನ ಹಂತಕ್ಕೆ ಯಾವಾಗ?

ದೇಹವನ್ನು ದೇಗುಲವೆಂದು ಕಂಡ ಶರಣರ ಪರಂಪರೆಯವರಿಗೆ ಅಂಗಸಾಧನೆ ಪರಕೀಯವಾದುದಲ್ಲ. ಗರಡಿಮನೆಗಳ ನೆನಪು ಇನ್ನೂ ಮಾಸದಿರುವ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸದ್ಭಕ್ತರಲ್ಲಿ ಮಕ್ಕಳನ್ನು ಯೋಗಾಸನ, ಮಲ್ಲಕಂಬ, ಜಿಮ್ನಾಸ್ಟಿಕ್ಸ್‌ಗಳಿಗೆ ಕಳುಹಿಸುವವರಿದ್ದಾರೆ. ಅಂತಹ ತಂದೆತಾಯಿಗಳ ಮುಂದೆ ಒಂದು ದಿನ ಈ ಪ್ರಶ್ನೆ ಬಂದು ನಿಲ್ಲುತ್ತದೆ: ಎಂಟೊಂಬತ್ತು ವರ್ಷದ ಮಗಳು ಹಿಮ್ಮುಖವಾಗಿ ಲಾಗ ಹಾಕುವುದನ್ನು ಕಲಿತಿದ್ದಾಳೆ, ಅವಳನ್ನು ಮೇಲಿನ ಹಂತಕ್ಕೆ ಏರಿಸಬಹುದೇ? ಇದು ಕ್ರೀಡೆಯ ಪ್ರಶ್ನೆಯಂತೆ ಕಂಡರೂ ಧರ್ಮದ ಪ್ರಶ್ನೆಯೇ ಸರಿ. ಏಕೆಂದರೆ ನಿರ್ಧರಿಸುವವರು ಹಿರಿಯರು, ಬಿದ್ದರೆ ಪೆಟ್ಟು ತಿನ್ನುವುದು ಮಗು.

ಲೋಕವು ಇದಕ್ಕೆ ವಯಸ್ಸಿನ ಗೆರೆಯನ್ನು ಎಳೆದು ನೋಡಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲು ಪೂರ್ಣ 10 ಅಂಕ ಪಡೆದ ರುಮೇನಿಯಾದ ನಾದಿಯಾ ಕೊಮನೇಚಿಗೆ ಆಗ 14 ವರ್ಷ. 1997ರಿಂದ ಈಚೆಗೆ, ಆ ವರ್ಷದೊಳಗೆ 16 ತುಂಬದ ಹುಡುಗಿಗೆ ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರವೇಶವಿಲ್ಲ. ಬೆಳೆಯುವ ಮೂಳೆಯ ತುದಿ ಮೃದು. ದೇಹದ ಭಾರವೆಲ್ಲ ಪದೇ ಪದೇ ಮಣಿಕಟ್ಟಿನ ಮೇಲೆ ಬಿದ್ದರೆ ಅಲ್ಲಿ ಆಗುವ ಹಾನಿ ಮೊದಮೊದಲು ಬರಿಯ ನೋವಾಗಿ ಮಾತ್ರ ತೋರುತ್ತದೆ. ಆದರೆ ಈ ನಿಯಮ ಕಾಯುವುದು ಮೇಲಿನ ಮಹಾದ್ವಾರವನ್ನಷ್ಟೆ. ಊರಿನ ಶಾಲೆಯಂಗಳದಲ್ಲಿ ಕಾವಲುಗಾರರು ತಾವೇ.

ನಾಲೆಯ ನೀರಿನಲ್ಲಿ ಬತ್ತ ಬೆಳೆಯುವ ನಮಗೆ ಇದು ಹೊಸ ವಿಚಾರವೇನಲ್ಲ. ಒಟ್ಟಲಿನ ಪೈರನ್ನು ಮೂರು ವಾರ ಕಳೆದ ಮೇಲೆ ಕಿತ್ತು ನಾಟಿ ಮಾಡುತ್ತೇವೆ. ತೀರ ಎಳೆಯದಾದರೆ ನಿಂತ ನೀರಿನಲ್ಲಿ ಮುಳುಗಿಹೋದೀತು. ತೀರ ಬಲಿಯಗೊಟ್ಟರೆ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ರೈತನು ದಿನವನ್ನೂ ಎಣಿಸುತ್ತಾನೆ, ಬಗ್ಗಿ ಪೈರನ್ನೂ ನೋಡುತ್ತಾನೆ. ನೆರೆಹೊಲದವನು ನಾಟಿ ಮುಗಿಸಿದನೆಂದು ಕೀಳುವವನು ಅವಿವೇಕಿ. ಭಯದಿಂದ ಮಗುವನ್ನು ವರ್ಷಗಟ್ಟಲೆ ಕೆಳಗೇ ನಿಲ್ಲಿಸಿ ಅದರ ಉತ್ಸಾಹವನ್ನು ಬಾಡಿಸುವುದೂ ಅಷ್ಟೇ ತಪ್ಪು ಎಂಬುದನ್ನು ಇಲ್ಲಿ ಮರೆಯಬಾರದು.

ಹಾಗಾದರೆ ಬಗ್ಗಿ ನೋಡಬೇಕಾದುದು ಏನನ್ನು? ಒಮ್ಮೆ ಸಾಧಿಸಿದ್ದು ಸಿದ್ಧಿಯಲ್ಲ. ನೆಲದ ಗೆರೆಯ ಮೇಲೆ ತಪ್ಪದೆ ನಡೆಯುವ ಮಗು, 10 ಸೆಂಟಿಮೀಟರ್ ಅಗಲದ, 125 ಸೆಂಟಿಮೀಟರ್ ಎತ್ತರದ ತೊಲೆಯ ಮೇಲೆ ಅದೇ ಹೆಜ್ಜೆಗೆ ನಡುಗಬಹುದು. ಕಾಲಿಗೆ ತಿಳಿದ ವಿದ್ಯೆ ಮನಸ್ಸಿಗೆ ಇನ್ನೂ ಇಳಿದಿಲ್ಲವೆಂದು ಅದರ ಅರ್ಥ. ದಣಿದ ಸಂಜೆಯೂ, ನೋಡುವವರಿಲ್ಲದಾಗಲೂ ಆ ಸಾಧನೆ ಸ್ಥಿರವಾಗಿರುವುದೇ? ಜಾರಿ ಬಿದ್ದ ಮಗು ಮರಳಿ ತಾನಾಗಿ ಏರುವುದೇ, ಅಥವಾ ಗುರುವಿನ ಮುಖ ನೋಡಿ ಏರುವುದೇ? ನನ್ನ ಮಟ್ಟಿಗೆ ಈ ಕೊನೆಯ ಲಕ್ಷಣವೇ ಉಳಿದೆಲ್ಲಕ್ಕಿಂತ ದೊಡ್ಡದು.

ಷಟ್‌ಸ್ಥಲವನ್ನು ಬಲ್ಲ ತಮಗೆ ಹಂತಗಳ ಮಾತು ಅಪರಿಚಿತವಲ್ಲ. ಭಕ್ತಸ್ಥಲದ ಶ್ರದ್ಧೆ ಮಾಹೇಶಸ್ಥಲದಲ್ಲಿ ನಿಷ್ಠೆಯಾಗಿ, ಪ್ರಸಾದಿಸ್ಥಲದಲ್ಲಿ ಅವಧಾನವಾಗಿ ಬೆಳೆದು, ಕಡೆಗೆ ಐಕ್ಯದಲ್ಲಿ ಸಮರಸವಾಗುತ್ತದೆ. ಸ್ಥಲವೆಂದರೆ ಮೊದಲು ನಿಲ್ಲುವ ಎಡೆ. ಐಕ್ಯನಾದವನೂ ಶ್ರದ್ಧೆಯನ್ನು ಕಳಚಿಟ್ಟು ಬಂದವನಲ್ಲ. ಒಲಿಂಪಿಕ್ಸ್‌ಗೆ ಹೋಗುವ ಸಾಧಕಿಯೂ ಪ್ರತಿದಿನ ಕೈಯೂರಿ ತಲೆಕೆಳಗಾಗಿ ನಿಲ್ಲುವ ಮೊದಲ ಪಾಠವನ್ನು ಮಾಡಿಯೇ ಮಾಡುತ್ತಾಳೆ. ಕೆಳಗಿನ ಹಂತದಲ್ಲಿರುವ ಮಗುವನ್ನು ಹಿಂದುಳಿದ ಮಗುವೆಂದು ಕರೆಯುವವರು ಇದನ್ನು ಮನಗಾಣಬೇಕು.

ವಯಸ್ಸೇ ಅಳತೆಯಾಗಿದ್ದರೆ ಬಸವಣ್ಣನವರ ಸೋದರಳಿಯ ಚನ್ನಬಸವಣ್ಣನವರು ಎಳೆತನದಲ್ಲೇ ಷಟ್‌ಸ್ಥಲಜ್ಞಾನಿಗಳೆನಿಸಿ, ಅಲ್ಲಮಪ್ರಭುವಿನ ತರುವಾಯ ಶೂನ್ಯಪೀಠವನ್ನು ಏರುತ್ತಿರಲಿಲ್ಲ. ಅರಿವು ವರ್ಷಗಳನ್ನು ಕಾಯುವುದಿಲ್ಲ, ಎಲುಬು ಕಾಯಲೇಬೇಕು. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಪ್ರಭುಗಳು ಕಠಿನ ಪ್ರಶ್ನೆಗಳಿಂದ ಪರೀಕ್ಷಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಆಕೆಯ ಗೆಲುವಿನಿಂದ ಪರೀಕ್ಷಕರಿಗೆ ದೊರೆಯಬೇಕಾದುದು ಏನೂ ಇರಲಿಲ್ಲ. ಆ ಪರೀಕ್ಷೆಯ ಶುದ್ಧಿ ಅಲ್ಲಿದೆ. ಅಕ್ಕನಾದರೋ ತನ್ನ ಪರವಾಗಿ ತಾನೇ ಉತ್ತರ ಕೊಡಬಲ್ಲವಳಾಗಿದ್ದಳು. ಒಂಬತ್ತರ ಮಗುವಿಗೆ ಆ ಶಕ್ತಿಯಿಲ್ಲ. ಪ್ರೀತಿಸುವವರಿಗೆ ಬೇಸರವಾದೀತೆಂದು ಅದು ನೋವನ್ನೂ ನುಂಗುತ್ತದೆ, ಹೆದರಿಕೆಯನ್ನೂ ನುಂಗುತ್ತದೆ.

ಮೈಸೂರು ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವ ಸಂಪ್ರದಾಯ ತಮಗೆ ಗೊತ್ತೇ ಇದೆ. ಪೈಲ್ವಾನನೊಬ್ಬನೇ ತನ್ನ ಎದುರಾಳಿಯನ್ನು ಆರಿಸಿಕೊಳ್ಳುವುದಿಲ್ಲ. ಮೈಕಟ್ಟು, ತೂಕ, ಪಳಗಿಕೆಗಳನ್ನು ಹಿರಿಯರು ನಾಲ್ಕು ಜನರೆದುರು ತೂಗಿ ನೋಡುತ್ತಾರೆ. ಮಕ್ಕಳ ವಿಷಯದಲ್ಲಿಯೂ ಇದು ಒಳ್ಳೆಯ ಮಾದರಿ. ಪದಕದಿಂದ ಹೆಸರು ಬರಬೇಕೆಂದಿರುವ ತರಬೇತುದಾರನೊಬ್ಬನೇ, ಬಂಧುಗಳೆದುರು ಹೇಳಿಕೊಳ್ಳಲು ಕಾತರಿಸುವ ತಂದೆಯೊಬ್ಬನೇ ತೀರ್ಪು ಕೊಡಬಾರದು. ಏನನ್ನೂ ಬಯಸದ ಇನ್ನೊಬ್ಬ ಬಲ್ಲವರು ನೋಡಲಿ. ಮಣಿಕಟ್ಟು ನೋಯುತ್ತಿದ್ದರೆ ವೈದ್ಯರು ನೋಡಲಿ.

ಆ ಬಳಿಕ ತರಬೇತುದಾರರಿಲ್ಲದ ಹೊತ್ತಿನಲ್ಲಿ, ಊಟ ಬಡಿಸುವಾಗಲೋ ಮಲಗುವ ಮುನ್ನವೋ ಮಗುವನ್ನು ಕೇಳಿರಿ. ಇನ್ನಷ್ಟು ದಿನ ಕೆಳಗಿನ ತೊಲೆಯ ಮೇಲೆಯೇ ಮಾಡುತ್ತೇನೆಂದು ಅದು ಹೇಳಿದರೆ ಕಾರಣ ಕೇಳದೆ ಒಪ್ಪಿಕೊಂಡು, ಬೆಳಗ್ಗೆ ತಾವೇ ಹೋಗಿ ಗುರುಗಳಿಗೆ ತಿಳಿಸಿರಿ. ಆ ಮಾತನ್ನು ಹೇಳುವ ಹೊರೆ ಮಗುವಿನ ಮೇಲೆ ಬೀಳದಿರಲಿ.