ಸದ್ದಡಗಿಸುವುದು ರಿಪೇರಿಯೆ?

ಹಳೇ ಗಾಡಿಗಳ ವ್ಯಾಪಾರದಲ್ಲಿ ಒಂದು ಹಳೇ ಮೋಸ ಇದೆ. ಗೇರ್ ಬಾಕ್ಸಿನಲ್ಲಿ ಸದ್ದು ಬಂದರೆ ದಪ್ಪ ಆಯಿಲ್ ಸುರಿಯುವುದು, ಸಾಲದಿದ್ದರೆ ಮರದ ಹೊಟ್ಟು ಬೆರೆಸುವುದು. ಸದ್ದು ತಗ್ಗುತ್ತೆ, ಹಲ್ಲು ಸವೆಯೋದು ನಿಲ್ಲೋದಿಲ್ಲ. ಮೌನವನ್ನೇ ಆರೋಗ್ಯ ಅಂತ ನಂಬಿ ಕೊಳ್ಳುವವನು ದುಡ್ಡು ಎಣಿಸುತ್ತಾನೆ. ಇದು ಬರೀ ದಲ್ಲಾಳಿಯ ಚಾಳಿ ಅಲ್ಲ. ಸದ್ದು ಮಾಡುವುದೇ ತಪ್ಪು, ಅಡಗಿಸಿದರೆ ಎಲ್ಲ ಸರಿ ಎಂಬ ನಂಬಿಕೆ ನಮ್ಮ ಮನೆ, ಊರು, ಕಚೇರಿಗಳಲ್ಲೆಲ್ಲ ಉಂಟು. ದಲ್ಲಾಳಿ ಅದನ್ನು ದುಡಿಸಿಕೊಳ್ಳುತ್ತಾನೆ ಅಷ್ಟೆ. ಹಾಗಾದರೆ ಒಂದು ಸದ್ದಿಗೆ ನಾವು ಸಲ್ಲಿಸಬೇಕಾದ ನ್ಯಾಯ ಯಾವುದು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ 250 ಸಿ.ಸಿ. ಜಾವಾವನ್ನೇ ನೋಡಿ. ಟೂ ಸ್ಟ್ರೋಕ್ ಎಂಜಿನ್, ಒಂದೇ ಪಿಸ್ಟನ್, ಎರಡು ಸೈಲೆನ್ಸರ್. ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ. ಅನುಮಾನ ಪಡಬೇಕಾದ ಭಾಗಗಳು ಕಮ್ಮಿ. ಆದರೂ ತೀರ್ಪು ತಪ್ಪುವುದು ಸುಲಭ, ಯಾಕಂದ್ರೆ ಲೋಹದಲ್ಲಿ ಸದ್ದು ಹರಿದಾಡುತ್ತೆ. ಹುಟ್ಟುವ ಜಾಗ ಒಂದು, ಕೇಳುವ ಜಾಗ ಇನ್ನೊಂದು. ಸಿಲಿಂಡರಿನ ಒಳಗಿಂದ ಬಂತು ಅನ್ನಿಸುವ ಟಕಟಕ, ಸಡಿಲವಾದ ಸೈಲೆನ್ಸರ್ ಪೈಪಿನ ಬಾಯಲ್ಲಿ ಗ್ಯಾಸ್ ಸೋರುವ ಸದ್ದಾಗಿರಬಹುದು.

ಅದಕ್ಕೇ ಬಲ್ಲ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತುವುದಿಲ್ಲ, ಕೇಳುತ್ತಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೊತ್ತಿ, ಹಿಡಿಯನ್ನು ಕಿವಿಗೆ ಆನಿಸುತ್ತಾನೆ. ಸದ್ದು ಯಾವಾಗ ಬರುತ್ತೆ ಅಂತ ವಿಚಾರಿಸುತ್ತಾನೆ. ತಣ್ಣಗಿದ್ದಾಗ ಬಡಿದು, ಬಿಸಿಯಾದ ಮೇಲೆ ಕಮ್ಮಿಯಾದರೆ ಅದು ಪಿಸ್ಟನ್ನಿನದು. ಕಾದ ಅಲ್ಯೂಮಿನಿಯಂ ಹಿಗ್ಗಿ ಸಂದು ತುಂಬಿಕೊಂಡಿದೆ. ಎಡಗಡೆಯ ಕೇಸಿನೊಳಗೆ ನಿಧಾನ ವೇಗದಲ್ಲಿ ಗಲಗಲ ಅಂದರೆ ಪ್ರೈಮರಿ ಚೈನ್ ಜೋತಿರಬಹುದು. ಏರು ಹತ್ತುವಾಗ ಮಾತ್ರ ಕಿಣಿಕಿಣಿ ಅಂದರೆ ಯಾವ ಭಾಗವೂ ಸವೆದಿಲ್ಲದೆ ಇರಬಹುದು. ಕಿಡಿ ಹೊತ್ತಿಗೆ ಮುಂಚೆ ಹಾರುತ್ತಿದೆ, ಇಲ್ಲವೇ ಹೆಡ್ಡಿನೊಳಗೆ ಮಸಿ ಕಟ್ಟಿದೆ. ಭಾರ ಬಿದ್ದಾಗ ಕೆಳಗಿನಿಂದ ದಪ್ಪಗೆ ಗುದ್ದಿದರೆ ಬಿಗ್ ಎಂಡ್ ಬೇರಿಂಗು. ಆಗ ಸಿಲಿಂಡರ್ ಬಿಚ್ಚಿ ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸಿ ನೋಡಬೇಕು. ಪಕ್ಕಕ್ಕೆ ಕೊಂಚ ಆಡಬಹುದು, ಅದು ಅದರ ಹಕ್ಕು. ಮೇಲೆ ಕೆಳಗೆ ಆಡಕೂಡದು.

ಸದ್ದಡಗಿಸುವುದು ಒಂದು ಅನ್ಯಾಯವಾದರೆ, ಕೇಳದೆಯೇ ಶಿಕ್ಷೆ ಕೊಡುವುದು ಅದರ ಅಣ್ಣ. ಏನು ಸದ್ದಾದರೂ 'ಬೋರ್ ಮಾಡಿಸಿ' ಅನ್ನುವವರುಂಟು. ಬೋರ್ ಮಾಡುವುದೆಂದರೆ ಸಿಲಿಂಡರಿನ ಗೋಡೆ ಕೊರೆದು ದೊಡ್ಡ ಪಿಸ್ಟನ್ ಹಾಕುವುದು. ಕೊರೆದ ಲೋಹ ವಾಪಸ್ ಬರೋದಿಲ್ಲ. ತಪ್ಪು ಚೈನಿನದು, ಶಿಕ್ಷೆ ಸಿಲಿಂಡರಿಗೆ. ಮಾಲೀಕನ ದುಡ್ಡೂ ಹೋಯಿತು, ಸದ್ದೂ ಉಳಿಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ಬಿಗ್ ಎಂಡ್ ಹೋಗಿದ್ದರೆ ಎಂಜಿನ್ ಇಳಿಸಿ, ಕೇಸ್ ಸೀಳಿ, ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ನು ರೋಲರು ಕೂರಿಸಿ, ಮತ್ತೆ ನೇರಕ್ಕೆ ತರಬೇಕು. ಗಾಡಿ ನಂಬಿ ದುಡಿಯುವವನ ಹತ್ತಿರ ಅಷ್ಟು ದುಡ್ಡು ಇವತ್ತೇ ಇಲ್ಲದಿದ್ದರೆ? ಹೇಗೋ ಸಂಭಾಳಿಸಿ ಕಳಿಸುವುದು ಕರುಣೆಯಲ್ಲವೆ? ನನ್ನ ಪ್ರಕಾರ ಮುಂದೂಡುವುದು ಪಾಪವಲ್ಲ, ಮುಚ್ಚಿಡುವುದು ಪಾಪ. 'ಇದು ಬಿಗ್ ಎಂಡ್ ಕಣಪ್ಪ, ಓಡುತ್ತಿರುವಾಗಲೇ ಕಚ್ಚಿಕೊಂಡರೆ ಹಿಂದಿನ ಚಕ್ರ ನಿಂತು ನಿನ್ನನ್ನು ಎಸೆಯುತ್ತೆ, ದೂರದ ದಾರಿ ಹಿಡೀಬೇಡ' ಅಂತ ಹೇಳಿ ಕಳಿಸಿದರೆ, ತೀರ್ಮಾನ ಸವಾರನ ಕೈಯಲ್ಲಿರುತ್ತೆ. ಹೇಳದೆ ಕಳಿಸಿದರೆ ಅವನ ಪ್ರಾಣದ ಮೇಲೆ ನಾವು ತೀರ್ಮಾನ ಮಾಡಿದ ಹಾಗಾಯಿತು. ಬಡವನಿಗೆ ನಿಜ ಬೇಡ, ಸಮಾಧಾನ ಸಾಕು ಅನ್ನುವ ಕರುಣೆಯಲ್ಲಿ ಯಜಮಾನಿಕೆಯ ವಾಸನೆ ಇದೆ.

ಇನ್ನು, ಕೇಳುವ ಕಿವಿ ಯಾರದು? ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಾ ಬೆಳೆದ ಹುಡುಗನದು. ಬರೆದ ಪುಸ್ತಕವಿಲ್ಲ, ಸರ್ಟಿಫಿಕೇಟಿಲ್ಲ, ಆದ್ದರಿಂದ ಅದನ್ನು ಜ್ಞಾನ ಅಂತ ಕರೆಯುವುದಿಲ್ಲ, 'ಕೈಚಳಕ' ಅಂದುಬಿಡುತ್ತಾರೆ. ಆದರೆ ಕಾರಣ ಊಹಿಸಿ, ಪರೀಕ್ಷಿಸಿ, ಒಂದೊಂದನ್ನೇ ತಳ್ಳಿಹಾಕುವುದು ವಿಚಾರವಲ್ಲದೆ ಮತ್ತೇನು? 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಬಿಟ್ಟ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ ವಾಪಸ್ ಬಂತು, ತಯಾರಿ ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನ ಹಳೇ ಗಾಡಿಗಳನ್ನು ಇಷ್ಟು ಕಾಲ ಓಡಿಸಿದ್ದು ರಸ್ತೆ ಬದಿಯ ಈ ಕಿವಿಗಳೇ.

ಅವನ ಬಿಲ್ಲು ನೋಡಿ. ಚೈನಿಗಿಷ್ಟು, ಗ್ಯಾಸ್ಕೆಟ್ಟಿಗಿಷ್ಟು, ಬಿಚ್ಚಿ ಹಾಕಿದ್ದಕ್ಕಿಷ್ಟು. ಅರ್ಧ ಗಂಟೆ ಕಿವಿಗೊಟ್ಟು ಕೂತದ್ದಕ್ಕೆ ಏನೂ ಇಲ್ಲ. ಸಿಲಿಂಡರ್ ಕೊರೆಯೋದು ಬೇಡ ಅಂತ ಅವನು ಹೇಳಿದ ದಿನ ಅವನಿಗೆ ದಕ್ಕುವುದೇ ಕಮ್ಮಿ. ಹೀಗಿರುವಾಗ ಬರೀ ಪ್ರಾಮಾಣಿಕನಾಗಿರು ಅಂತ ಉಪದೇಶ ಮಾಡಿದರೆ ಸಾಲದು. ಕೇಳಿದ ಹೊತ್ತಿಗೂ ಕೂಲಿ ಕೊಡಬೇಕು.