ಕಿಟಕಿಯ ಮೇಲಿನ ಲೋಟ

ಹೈದರಾಬಾದಿಗೆ ಬಂದ ಹೊಸತರಲ್ಲಿ, 2001ರ ಸುಮಾರಿಗೆ, ಊರಿಂದ ವಾಪಸು ಬರುವಾಗ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಜತನದಿಂದ ಇಟ್ಟುಕೊಂಡು ತರುತ್ತಿದ್ದದ್ದು ಎರಡು ಕೇಜಿ ಕಾಫಿಪುಡಿ. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಕಣ್ಣೆದುರೇ ಹುರಿಸಿ ಪುಡಿಮಾಡಿಸಿದ್ದು. ಮೂರು ಪದರ ಪ್ಲಾಸ್ಟಿಕ್ಕು, ಅದರ ಮೇಲೆ ಸ್ಟೀಲ್ ಡಬ್ಬಿ, ಅದರ ಮೇಲೆ ಅಮ್ಮನ ಹಳೇ ಟವಲು. ಇಷ್ಟಾದರೂ ಕಾಚಿಗುಡ ರೈಲಿನಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಯಾರಾದರೊಬ್ಬರು "ಎಲ್ಲೋ ಕಾಫಿ ವಾಸನೆ ಬರ್ತಿದೆಯಲ್ಲ" ಅನ್ನುತ್ತಿದ್ದರು. ಮೇಲಿನ ಬರ್ತಿನಲ್ಲಿ ಮಲಗಿದ್ದ ನನಗೆ ಒಳಗೊಳಗೇ ಹೆಮ್ಮೆ. ಬೋಗಿಗೆಲ್ಲ ಹರಡುತ್ತಿದ್ದ ಆ ಪರಿಮಳ ನನ್ನ ಡಬ್ಬಿಯಿಂದ ಖಾಲಿಯಾಗುತ್ತಿರುವ ಪರಿಮಳ ಎಂಬ ಸರಳ ಲೆಕ್ಕ ಹೊಳೆಯಲು ನಾಲ್ಕೈದು ವರ್ಷ ಬೇಕಾಯಿತು.

ಹುರಿದ ಬೀಜವಾದರೆ ಒಂದೆರಡು ವಾರ ತಡೆದುಕೊಳ್ಳುತ್ತದೆ. ಪುಡಿ ಮಾಡಿದಿರೋ, ಗಾಳಿ ತಗಲುವ ಮೈ ಎಷ್ಟೋ ಪಟ್ಟು ಹೆಚ್ಚಿ, ದಿನಗಳ ಲೆಕ್ಕದಲ್ಲಿ ಹಳಸತೊಡಗುತ್ತದೆ. ನಾನು ಎರಡು ಕೇಜಿಯನ್ನು ಮೂರು ತಿಂಗಳು ಎಳೆಯುತ್ತಿದ್ದೆ. ಕೊನೆಕೊನೆಗೆ ಅದು ಕಾಫಿಯ ಬಣ್ಣದ ಬಿಸಿನೀರು. ಆದರೂ "ಏನೇ ಹೇಳಿ, ಊರಿನ ಪುಡಿಯ ರುಚಿಯೇ ಬೇರೆ" ಎಂದು ಬಂದವರಿಗೆಲ್ಲ ಬಡಿಸುತ್ತಿದ್ದೆ. ಅದೇ ಹೊತ್ತಿಗೆ ಇಲ್ಲಿನ ಅಂಗಡಿಗಳಲ್ಲಿ ವಿಶಾಖಪಟ್ಟಣದ ಆಚೆಯ ಅರಕು ಕಣಿವೆಯ ಕಾಫಿ ಸಿಗುತ್ತಿತ್ತು. ಬುಡಕಟ್ಟಿನ ಜನ ಬೆಟ್ಟದ ಇಳಿಜಾರಿನ ನೆರಳಲ್ಲಿ ಬೆಳೆದ ಅರೇಬಿಕಾ ಅದು. 2019ರಲ್ಲಿ ಚಿಕ್ಕಮಗಳೂರು, ಕೊಡಗು, ಬಾಬಾಬುಡನ್‌ಗಿರಿಯ ಅರೇಬಿಕಾಗಳ ಜೊತೆಗೇ ಅದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಾನು ಮಾತ್ರ "ಆಂಧ್ರದ್ದಾ?" ಎಂದು ಮೂಗು ಮುರಿದು ಮುಂದೆ ಹೋಗಿದ್ದೆ, ರುಚಿ ಕೂಡ ನೋಡದೆ. ಊರಿನ ಮೇಲಿನ ನಿಷ್ಠೆ ಎನ್ನುತ್ತೀರಾ ಇದನ್ನು? ನನ್ನ ನಾಲಿಗೆಗೆ ನಾನೇ ಸುಳ್ಳು ಹೇಳುತ್ತಿದ್ದೆ, ಅದಕ್ಕೆ ನಾನಿಟ್ಟ ಹೆಸರು ಊರು.

ಹೀಗೆ ಜ್ಞಾನೋದಯವಾದ ಮೇಲೆ ಶುರುವಾಯಿತು ನೋಡಿ ಎರಡನೇ ಹುಚ್ಚು. ಮೊದಲು ಕೈಯಲ್ಲಿ ತಿರುಗಿಸುವ ಬೀಸುವ ಮಿಷನ್ನು. ಆಮೇಲೆ ಕರೆಂಟಿನದು. ಅಜ್ಜಿಯ ಹಿತ್ತಾಳೆ ಫಿಲ್ಟರಿಗೆ ಒಳಗೆಲ್ಲ ಹೊಸದಾಗಿ ಕಲಾಯಿ ಹಾಕಿಸಿದೆ. ಗ್ರಾಮಿನಲ್ಲಿ ತೂಗುವ ತಕ್ಕಡಿ, ಥರ್ಮಾಮೀಟರು. ಇಬ್ಬರಿಗೆ ಕಾಫಿ ಮಾಡಲು ಇಷ್ಟೆಲ್ಲ ಬೇಕಾ ಎಂದು ಹೆಂಡತಿ ಕೇಳಿದ್ದಕ್ಕೆ ಉತ್ತರ ಕೊಟ್ಟ ನೆನಪಿಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಈ ಹುಚ್ಚಿನಿಂದ ಕಲಿತದ್ದು ಸುಳ್ಳಲ್ಲ. ನಮ್ಮ ಫಿಲ್ಟರಿನಲ್ಲಿ ಕೆಲಸ ಮಾಡುವುದು ಬರೀ ನೀರಿನ ಭಾರ. ಪುಡಿ ತೀರಾ ನುಣ್ಣಗಿದ್ದರೆ ತೂತು ಕಟ್ಟಿ ರಾತ್ರಿಯಿಡೀ ತೊಟ್ಟಿಕ್ಕದೆ ಕೂತಿರುತ್ತದೆ, ತರಿಯಾದರೆ ಐದು ನಿಮಿಷದಲ್ಲಿ ಸರ್ರನೆ ಇಳಿದು ತೆಳ್ಳಗಾಗುತ್ತದೆ. ಸಣ್ಣ ರವೆಗಿಂತ ನುಣುಪು, ಮೈದಾಗಿಂತ ತರಿ, ಅಷ್ಟೇ ಸೂತ್ರ. ದುಡ್ಡು ಹಾಕುವುದಾದರೆ ಒಳ್ಳೆಯ ಬೀಸುವ ಮಿಷನ್ನಿಗೆ ಹಾಕಿ. ಫಿಲ್ಟರು ಅಜ್ಜಿಯದಾದರೂ ಆದೀತು.

ಬೀಜದ ವಿಷಯ ಇನ್ನೂ ಸ್ವಾರಸ್ಯ. ಬರೀ ಅರೇಬಿಕಾ ತಂದು ಹಾಕಿದೆ. ಘಮಘಮ ಅನ್ನುತ್ತಿತ್ತು, ಆದರೆ ಇಲ್ಲಿನ ಎಮ್ಮೆ ಹಾಲು ಬಿದ್ದ ತಕ್ಷಣ ಮಾಯ. ಎಮ್ಮೆ ಹಾಲಿನ ಕೊಬ್ಬು ಹಸುವಿನ ಹಾಲಿನ ಹೆಚ್ಚುಕಡಿಮೆ ಎರಡರಷ್ಟು. ಅದರೆದುರು ನಿಲ್ಲಬೇಕಾದರೆ ಸ್ವಲ್ಪ ರೋಬಸ್ಟಾ ಬೇಕು. ರೋಬಸ್ಟಾದಲ್ಲಿ ಕೆಫೀನೂ ಹೆಚ್ಚು, ಕಹಿಯೂ ಹೆಚ್ಚು. ಸರಿ, ಮುಕ್ಕಾಲು ಅರೇಬಿಕಾ, ಕಾಲು ರೋಬಸ್ಟಾ. ಆದರೂ ಮನೆಯ ಕಾಫಿಯಂತಿಲ್ಲ. ಏನೋ ಕಮ್ಮಿ. ಕೊನೆಗೆ ಮೈಸೂರಿನ ಅಂಗಡಿಯವರಿಗೇ ಫೋನು ಮಾಡಿ ಕೇಳಿದೆ. "ನಿಮ್ಮ ತಂದೆಯವರ ಕಾಲದಿಂದ್ಲೂ ನಿಮ್ಮನೆಗೆ ಮೂವತ್ತೈದು ಪರ್ಸೆಂಟ್ ಚಿಕೋರಿ ಸ್ವಾಮಿ" ಅಂದರು!

ಚಿಕೋರಿ ಕಾಫಿಯೇ ಅಲ್ಲ. ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಬೆಳೆಯುವುದು ಹೆಚ್ಚಾಗಿ ಗುಜರಾತು, ಉತ್ತರಪ್ರದೇಶದಲ್ಲಿ. ಹುರಿದರೆ ಸುಟ್ಟ ಸಕ್ಕರೆಯಂಥ ಕಹಿ-ಸಿಹಿ, ಕಡುಬಣ್ಣ, ಮೈಗೆ ಗಟ್ಟಿತನ. ಕೆಫೀನು ಸೊನ್ನೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ನೂರಕ್ಕೆ 51 ಪಾಲಾದರೂ ಕಾಫಿ ಇರಬೇಕು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಅಂದರೆ ಇಷ್ಟು ವರ್ಷ ನಾನು ರೈಲಿನಲ್ಲಿ ಹೊತ್ತು ತಂದ 'ಮಲೆನಾಡಿನ ಪರಿಮಳ'ದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಉತ್ತರದ ಯಾವುದೋ ಬಯಲಿನ ಬೇರು. ಮೋಸಹೋದೆನಾ? ಒಂದು ವಾರ ಹಾಗೇ ಅನ್ನಿಸಿತ್ತು. ಆಮೇಲೆ ಯೋಚನೆ ಬೇರೆ ದಿಕ್ಕಿಗೆ ಹೋಯಿತು. ಚಿಕೋರಿ ಹಾಕಿದರೆ ಕಮ್ಮಿ ಕಾಫಿಯಲ್ಲಿ ಹೆಚ್ಚು ಲೋಟ ಆಗುತ್ತದೆ. ಒಬ್ಬರ ಸಂಬಳದಲ್ಲಿ ಎಂಟು ಜನ ಉಣ್ಣುತ್ತಿದ್ದ ಮನೆಯಲ್ಲಿ ಬಂದ ನೆಂಟರಿಗೆಲ್ಲ ಕಾಫಿ ಕೊಡಲು ನನ್ನ ತಂದೆ ಮಾಡಿಕೊಂಡಿದ್ದ ಲೆಕ್ಕ ಅದು. ಆ ಲೆಕ್ಕವೇ ಕಾಲಕ್ರಮೇಣ ನನ್ನ ನಾಲಿಗೆಗೆ 'ರುಚಿ'ಯಾಗಿತ್ತು. ಶುದ್ಧ ಕಾಫಿಯನ್ನು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಅಪ್ಪನ ಸಂಬಳದ ಚೀಟಿ. ಈಗಲೂ ನಮ್ಮ ಮನೆಯಲ್ಲಿ ಇಪ್ಪತ್ತು ಪರ್ಸೆಂಟ್ ಚಿಕೋರಿ ಉಂಟು. ಬಲ್ಲವರು ನಗುತ್ತಾರೆ, ನಗಲಿ.

ಊರು ಅಂದೆನಲ್ಲ, ಆ ಮಾತಿಗೂ ಇಲ್ಲಿ ಪೆಟ್ಟು ಬಿತ್ತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಆಗಾಗ ಹೋಗುತ್ತಿದ್ದಾಗ ಕಲಬುರಗಿ ಕಡೆಯ ಒಬ್ಬ ಹಿರಿಯರ ಪರಿಚಯವಾಗಿತ್ತು. 1956ಕ್ಕೆ ಮುಂಚೆ ಉಸ್ಮಾನಿಯಾದಲ್ಲಿ ಓದಲು ಬಂದು ಇಲ್ಲೇ ಉಳಿದವರು. ನಾನು ಪರಸ್ಥಳದ ಕಷ್ಟ ತೋಡಿಕೊಳ್ಳುತ್ತಿದ್ದರೆ ಅವರು, "ನಿಮಗ ಪರಸ್ಥಳ ಇರಬಹುದು. ನಮಗ ಇದು ರಾಜಧಾನಿ ಆಗಿತ್ತು. ಗೆರಿ ಎಳದವ್ರು ನಾವಲ್ಲ" ಅಂದಿದ್ದರು. ಬೀದರ, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. "ಮತ್ತ ಕಾಫಿ ಅಂತೀರಲ್ಲ, ನಮ್ಮ ಮನ್ಯಾಗ ಯಾರೂ ಕುಡಿಯಂಗಿಲ್ಲ. ಚಹಾ." ಕನ್ನಡದ ಪಾನೀಯ ಎಂದು ನಾನು ಬಾವುಟದಂತೆ ಹಿಡಿದಿದ್ದದ್ದು ಅರ್ಧ ಕರ್ನಾಟಕದ್ದು ಮಾತ್ರ. ಇನ್ನು ನೀರು? ಇಲ್ಲಿ ನಲ್ಲಿಗೆ ಬರುವ ಮಂಜೀರಾ ಬೀದರ ಜಿಲ್ಲೆಯನ್ನು ಹಾದು ಬರುತ್ತದೆ. ಕೆಲವು ಬಡಾವಣೆಗಳಿಗೆ ಕೃಷ್ಣೆಯ ನೀರು, ಅದಂತೂ ಆಲಮಟ್ಟಿ ದಾಟಿ ಬಂದದ್ದು. ಬೋರಿನ ಗಡುಸು ನೀರು ಕಾಫಿಯ ಹುಳಿಯನ್ನು ನುಂಗಿಬಿಡುತ್ತದೆ, ಆದ್ದರಿಂದ ನಲ್ಲಿ ನೀರನ್ನೇ ಹಿಡಿದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಉಪದೇಶ ಮಾಡುವವನು. ಡಬ್ಬಿಯಲ್ಲಿ ಊರನ್ನು ಹೊತ್ತು ತರುತ್ತಿದ್ದ ಹೊತ್ತಿನಲ್ಲಿ ಅದು ನಲ್ಲಿಯಲ್ಲಿ ಸುರಿಯುತ್ತಿತ್ತು.

ಇಷ್ಟೂ ಪೀಠಿಕೆ. ಹೇಳಬೇಕಾದ್ದು ಲೋಟದ ಕಥೆ.

ನಮ್ಮ ಮನೆಗೆಲಸಕ್ಕೆ ಬರುವವರು ಈಗಿನ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದವರು. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದೇ ಆ ಸೀಮೆಯಲ್ಲಿ. ಅವರ ಮನೆಮಾತು ಕನ್ನಡ, ರಾಯಚೂರಿನ ಕನ್ನಡ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದರು. ಅವರ ಲೋಟ ಅಡುಗೆಮನೆಯ ಕಿಟಕಿಯ ಮೇಲೆ. ಇಡಬೇಕು ಎಂದು ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಮೈಸೂರಿನ ಮನೆಯಲ್ಲಿ ಅಜ್ಜಿ ಕೆಲಸದವಳಿಗೆ ಎತ್ತರದಿಂದ ಸುರಿಯುತ್ತಿದ್ದದ್ದನ್ನು ನಾನು ಕಂಡಿದ್ದೆ. ನಾನು ಓದಿದವನು, ಎತ್ತರದಿಂದ ಸುರಿಯಲಿಲ್ಲ. ಕಿಟಕಿ ಮಾತ್ರ ಉಳಿಸಿಕೊಂಡೆ. ಪುಡಿಯ ಪರಿಮಳ ರೈಲಿನಲ್ಲೇ ಹಾರಿಹೋಗುತ್ತಿತ್ತು, ಇದು ಮಾತ್ರ ಚೂರೂ ಹಳಸದೆ ಬಂದು ಸೇರಿತ್ತು.

ಒಂದು ಭಾನುವಾರ ಹೊಸ ಬೀಜದ ಪರೀಕ್ಷೆ ನಡೆದಿತ್ತು. ನಾಲ್ಕು ಲೋಟ ತೂಗಿ ಇಟ್ಟಿದ್ದೆ, ಒಂದೇ ಅಳತೆ, ಒಂದೇ ಆಕಾರ, ಇಲ್ಲದಿದ್ದರೆ ಹೋಲಿಸಲಾಗದು ಎಂದು ಮಗಳಿಗೆ ಪಾಠ ಬೇರೆ. ಐದನೆಯದನ್ನು ಕಿಟಕಿಯಿಂದ ತೆಗೆದು ಸುರಿಯುವಾಗ ಅವಳು, "ಅಪ್ಪಾ, ಎಲ್ಲಾ ಒಂದೇ ಥರದ ಲೋಟ ಆಗ್ಬೇಕು ಅಂದ್ಯಲ್ಲ, ಅದ್ಯಾಕೆ ಬೇರೆ?" ಅಂದಳು. ಹತ್ತು ವರ್ಷದ ಹುಡುಗಿ. ವ್ಯಂಗ್ಯ ಇರಲಿಲ್ಲ. ನಾನೇ ಹೇಳಿಕೊಟ್ಟ ನಿಯಮವನ್ನು ನನಗೆ ಹೇಳಿದಳು, ಅಷ್ಟೇ.

ಆ ದಿನವೆಲ್ಲ ತಲೆಯಲ್ಲಿ ಅದೇ. ಇರಾನಿ ಹೋಟೆಲಿನಲ್ಲಿ ನಾನು ಎಷ್ಟು ಸಾವಿರ ಕಪ್ಪು ಚಹಾ ಕುಡಿದಿಲ್ಲ? ಡಿಕಾಕ್ಷನ್ನು ಬೇರೆ, ಕಾಯಿಸಿ ಗಟ್ಟಿಮಾಡಿದ ಹಾಲು ಬೇರೆ, ಕೊನೆಗೆ ಕಪ್ಪಿನಲ್ಲಿ ಎರಡನ್ನೂ ಕೂಡಿಸುವುದು, ವಿಧಾನದಲ್ಲಿ ಅದು ನಮ್ಮ ಕಾಫಿಯ ಅಣ್ಣ-ತಮ್ಮನೇ. ಅಲ್ಲಿ ಆಟೋದವರು, ವಕೀಲರು, ಹಮಾಲಿಗಳು ಕುಡಿದಿಟ್ಟ ಕಪ್ಪನ್ನೇ ಒಂದು ಬಕೆಟ್ಟಿನಲ್ಲಿ ಅದ್ದಿ ನನಗೂ ಕೊಡುತ್ತಾರೆ. ಒಮ್ಮೆಯೂ ಅಳುಕಿದವನಲ್ಲ. ಹಾಗಾದರೆ ಕಿಟಕಿಯ ಲೋಟಕ್ಕೆ ಶುಚಿ ಎಂಬ ಕಾರಣ ನಿಲ್ಲುವುದಿಲ್ಲ. ಜಾತಿಯನ್ನು ನಂಬುವವನೂ ನಾನಲ್ಲ ಎಂದುಕೊಂಡಿದ್ದೆ. ನಂಬದೆಯೂ ಪಾಲಿಸಬಹುದು, ಅದಕ್ಕೆ ನಂಬಿಕೆಯ ಅಗತ್ಯವೇ ಇಲ್ಲ, ಒಂದು ಕಿಟಕಿ ಸಾಕು. ಏಳು ಬೀಜ ತಂದರೆಂದು ಐತಿಹ್ಯವಿರುವ ಬಾಬಾಬುಡನ್ ಒಬ್ಬ ಸೂಫಿ. ಆ ಬೀಜದ ವಂಶದ ಕಾಫಿಗೆ ನಮ್ಮ ಅಡುಗೆಮನೆಯಲ್ಲಿ ಮಡಿ. ಅವರು ಇವತ್ತು ಬಾಗಿಲಿಗೆ ಬಂದಿದ್ದರೆ ನಮ್ಮಜ್ಜಿ ಯಾವ ಲೋಟ ಕೊಡುತ್ತಿದ್ದರೋ!

ಮಾರನೇ ದಿನ ಒಂದೇ ಥರದ ಆರು ಲೋಟ ತಂದು, ಹಳೆಯದನ್ನು ತೆಗೆದು ಅಟ್ಟಕ್ಕೆ ಹಾಕಿದೆ. ಸುಲಭವಾಯಿತು, ಬಹಳ ಸುಲಭ. ಕಷ್ಟವಾದದ್ದು ಆಮೇಲೆ. ಅವರು ಬಂದು ಕಿಟಕಿ ನೋಡಿ, "ನಂದು ಎಲ್ಲೈತ್ರೀ?" ಅಂದರು. ಇನ್ನು ಮೇಲೆ ಇದರಲ್ಲೇ ಕುಡೀರಿ ಎಂದು ಹೊಸ ಲೋಟ ಮುಂದಿಟ್ಟೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು. "ಇಷ್ಟ್ ವರ್ಷ ಆದ್ಮ್ಯಾಲೆ ಯಾಕ್ರೀ?"

ಉತ್ತರ ಹೇಳಬೇಕಿತ್ತು. ತಪ್ಪಾಯಿತು ಎನ್ನಲು ಎರಡು ಸೆಕೆಂಡು ಸಾಕು. ಆದರೆ ಹಾಗೆಂದರೆ ಒಂಬತ್ತು ವರ್ಷ ನಡೆದದ್ದು ತಪ್ಪು ಎಂದು ಇಬ್ಬರೂ ಒಪ್ಪಿಕೊಂಡಂತಾಗುತ್ತಿತ್ತು. ಅವರಿಗೆ ಅದು ಮೊದಲ ದಿನವೇ ಗೊತ್ತಿತ್ತು ಎಂಬುದನ್ನೂ ನಾನು ಕೇಳಬೇಕಾಗುತ್ತಿತ್ತು. ಸುಮ್ಮನೆ ಸರಿಪಡಿಸಿಬಿಡುವುದು ಒಳ್ಳೆಯತನವೋ, ಲೆಕ್ಕ ಕೇಳಬಾರದೆಂದು ಖಾತೆಯನ್ನೇ ಮುಚ್ಚುವ ಜಾಣತನವೋ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಬಾಯಲ್ಲಿ ಬಂದದ್ದು ಮಾತ್ರ ಇದು: "ಹಳೇದು ಸೋರ್ತಿತ್ತು." ಸ್ಟೀಲ್ ಲೋಟ ಸೋರುತ್ತದೆಯೇ? ಅವರು ನಕ್ಕರು. ನಕ್ಕದ್ದು ನನ್ನ ಮರ್ಯಾದೆ ಉಳಿಸಲಿಕ್ಕೆ ಇರಬೇಕು.

ಆಮೇಲೆ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, "ಸರ, ಒಂದ್ ಮಾತ್ ಹೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ" ಅಂದರು. "ನನಗ ಕಾಫಿ ಸೇರಂಗಿಲ್ರೀ. ಔಷಧ ಕುಡದಂಗ ಆಗ್ತೈತಿ. ಕೊಟ್ಟದ್ದು ಬ್ಯಾಡ ಅನಬಾರ್ದಂತ ಕುಡೀತಿದ್ದೆ." ತಕ್ಕಡಿ, ಥರ್ಮಾಮೀಟರು, ಎರಡು ಮಿಷನ್ನು ಎಲ್ಲ ಅಲ್ಲೇ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಸಕ್ಕರೆ ಹೆಚ್ಚು ಬೇಕಾ, ಹಾಲು ಹೆಚ್ಚು ಬೇಕಾ ಎಂದು ಕೂಡ ಈ ಒಂಬತ್ತು ವರ್ಷದಲ್ಲಿ ನಾನು ಅವರನ್ನು ಕೇಳಿರಲಿಲ್ಲ.

ಮತ್ತೇನು ಬೇಕು ಅಂದೆ. ಚಹಾಪುಡಿ ಐತೇನ್ರೀ ಅಂದರು. ಇತ್ತು, ನೆಂಟರಿಗೆಂದು ತಂದದ್ದು, ಹಿಂದಿನ ಡಬ್ಬಿಯಲ್ಲಿ. ಅವರೇ ಪಾತ್ರೆಗೆ ನೀರಿಟ್ಟು, ಶುಂಠಿ ಜಜ್ಜಿ ಹಾಕಿ, ಪುಡಿ ಹಾಕಿ, ಮೂರು ಸಲ ಉಕ್ಕಿಸಿದರು. ತೂಗಲಿಲ್ಲ, ಅಳೆಯಲಿಲ್ಲ. ಹೊಸ ಲೋಟಗಳಲ್ಲಿ ಎರಡನ್ನು ತೆಗೆದು ಪಕ್ಕಪಕ್ಕ ಇಟ್ಟರು. ಸಕ್ಕರೆ ಡಬ್ಬಿ ತೆರೆದು ಚಮಚ ಹಿಡಿದುಕೊಂಡು ನನ್ನ ಕಡೆ ತಿರುಗಿ, "ನಿಮಗ ಸಕ್ರಿ ಎಷ್ಟು ಹಾಕ್ಲಿರೀ?" ಎಂದು ಕೇಳಿದರು.

ಒಂದೂವರೆ ಚಮಚ, ಅಂದೆ.