ಅರ್ಜಿದಾರರು ಯಾರು?

ಇನ್ನೊಬ್ಬರ ಕೈಲಾಗದ ಸ್ಥಿತಿಯನ್ನು, ಅವರ ಹಿತಕ್ಕಾಗಿಯೇ ಆದರೂ, ಅವರೆದುರಿಗೇ ಎತ್ತಿ ಆಡುವ ಹಕ್ಕು ನಮಗೆ ಉಂಟೆ? ಪ್ರಶ್ನೆ ದೊಡ್ಡದಾಗಿ ಕೇಳಿಸುತ್ತದೆ; ಅದು ನನ್ನಲ್ಲಿ ಹುಟ್ಟಿದ್ದು ಮಾತ್ರ ಒಂದು ಸರ್ಕಾರಿ ಅರ್ಜಿಯಿಂದ.

ನನ್ನ ತಾಯಿಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಮಾತು ಕೆಲವು ವಾರ ತೊದಲಿ ಮತ್ತೆ ಬಂತು; ಬಂದದ್ದಷ್ಟೇ ಅಲ್ಲ, ಮೊದಲಿಗಿಂತ ಕೊಂಚ ಹರಿತವಾಗಿಯೇ ಬಂತೆಂದು ನನ್ನ ಹೆಂಡತಿಯ ಅಭಿಪ್ರಾಯ. ಆರು ತಿಂಗಳು ಕಳೆದರೂ ಕೈ ಏಳಲಿಲ್ಲ. 2023ರ ಮಳೆಗಾಲದಲ್ಲಿ ಸಹೋದ್ಯೋಗಿಯೊಬ್ಬರು, "ಅಮ್ಮನವರಿಗೆ ಪ್ರಮಾಣಪತ್ರ ಮಾಡಿಸಿಬಿಡಿ ಸಾರ್, ನಿಮಗೆ ತೆರಿಗೆಯಲ್ಲಿ ಅನುಕೂಲವಾಗುತ್ತೆ" ಎಂದರು. ಅಮ್ಮನವರಿಗೆ ಪ್ರಮಾಣಪತ್ರ, ನಿಮಗೆ ಅನುಕೂಲ: ಈ ವಾಕ್ಯದ ಸ್ವಾರಸ್ಯ ನನಗೆ ಆಗ ಹೊಳೆಯಲಿಲ್ಲ.

ಕಾಯಿದೆ ಬಲ್ಲವರನ್ನು ವಿಚಾರಿಸಿದೆ. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. ಅದರ ಸ್ಥಾನಕ್ಕೆ ಬಂದ 2016ರ ಕಾಯಿದೆ ಇಪ್ಪತ್ತೊಂದನ್ನು ಹೆಸರಿಸುತ್ತದೆ. ಶೇಕಡ 40 ಮುಟ್ಟಿದರೆ ಸವಲತ್ತುಗಳ ಬಾಗಿಲು ತೆರೆಯುತ್ತದೆ. ನಾನು ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದಿದ್ದವನು. ಅವಲಂಬಿತರಾದ ತಂದೆತಾಯಿಗಳ ವೈಕಲ್ಯ ಶೇಕಡ 40ಕ್ಕೆ ಮೇಲ್ಪಟ್ಟಿದ್ದರೆ ಮಗನ ವರಮಾನದಲ್ಲಿ 75,000 ರೂಪಾಯಿಗೆ ತೆರಿಗೆಯಿಲ್ಲ. ಶೇಕಡ 80 ಆದರೆ 1,25,000ಕ್ಕೆ. ನಿಜವಾದ ಖರ್ಚು ಎಷ್ಟೆಂದು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಇವೆರಡರ ನಡುವಿನ ಅಂತರ ವರ್ಷಕ್ಕೆ ಸುಮಾರು ಹತ್ತು ಸಾವಿರ ರೂಪಾಯಿ. ಹಗಲು ನೋಡಿಕೊಳ್ಳುವ ಹೆಂಗಸಿನ ಒಂದು ತಿಂಗಳ ಸಂಬಳಕ್ಕೆ ಅದು ಹತ್ತಿರ ಹತ್ತಿರ.

ಅರ್ಜಿ ಸಲ್ಲಿಸುವ ಜಾಲತಾಣದ ಹೆಸರು 'ಸ್ವಾವಲಂಬನ್'. ನನ್ನ ಕೈಲಿ ಆಗುವುದಿಲ್ಲ ಎಂದು ಬರೆದುಕೊಡಲು ಸ್ವಾವಲಂಬನೆಯ ಬಾಗಿಲನ್ನೇ ತಟ್ಟಬೇಕು! ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿರುವ ಪದವೋ 'ವಿಕಲಚೇತನ'. 'ಅಂಗವಿಕಲ' ಎಂದಾಗ ಊನ ಅಂಗಕ್ಕಷ್ಟೇ ಸಲ್ಲುತ್ತಿತ್ತು. ಈ ಸೌಜನ್ಯದ ಮಾತು ಅದನ್ನು ಚೇತನಕ್ಕೇ ಹಚ್ಚುತ್ತದೆ. ಕನ್ನಡ ಮೇಷ್ಟರಿಗೆ ಇಂಥ ಕಡೆ ತಡೆದು ನಿಲ್ಲುವ ಚಪಲ. ಇರಲಿ.

ರಾತ್ರಿ ಅಮ್ಮ ಮಲಗಿದ ಮೇಲೆ ಕುಳಿತು ಅರ್ಜಿ ತುಂಬಿದೆ. ಅದು ಸಾಲದೆಂದು, ಅವಳಿಂದ ಆಗದ ಕೆಲಸಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ: ಸೀರೆ ಉಡಲಾರರು, ತಲೆ ಬಾಚಿಕೊಳ್ಳಲಾರರು, ತಾವಾಗಿ ಊಟ ಮಾಡಲಾರರು, ಒಬ್ಬರೇ ಬಚ್ಚಲಿಗೆ ಹೋಗಲಾರರು. ಬರವಣಿಗೆಯ ಅಭ್ಯಾಸವಿರುವ ಕೈ. ಹಾಳೆ ಚೆನ್ನಾಗಿಯೇ ಬಂತು. ಬೆಳಗ್ಗೆ ಅವಳ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿ ಹಚ್ಚಿ ಒತ್ತಿದೆ. "ಏನಪ್ಪ ಇದು?" ಎಂದಳು. "ಆಸ್ಪತ್ರೆಯ ಕಾಗದ" ಎಂದೆ. ಮಾಧ್ಯಮಿಕ ಶಾಲೆಯವರೆಗೆ ಓದಿದವಳು. ಪೋಸ್ಟಾಫೀಸಿನಲ್ಲಿ ತನ್ನ ರುಜುವನ್ನು ಗುಮಾಸ್ತೆ ಮೆಚ್ಚಿಕೊಂಡದ್ದನ್ನು ಎಷ್ಟೋ ವರ್ಷ ಹೇಳಿಕೊಂಡವಳು. ಬೆರಳಿಗೆ ಹತ್ತಿದ ಶಾಯಿಯನ್ನು ಎಡಗೈಯಿಂದ ಸೆರಗಿಗೆ ಒರೆಸಿಕೊಂಡಳು.

ವೈದ್ಯರ ಮುಂದೆ ಹಾಜರಾಗುವ ದಿನ ಅವಳು ಹೆಂಡತಿಗೆ ಹೇಳಿ ಮೈಸೂರು ರೇಷ್ಮೆ ಸೀರೆ ಉಡಿಸಿಕೊಂಡಳು. ನನಗೆ ಒಳಗೊಳಗೇ ಕಸಿವಿಸಿ. ನಿಜ ಹೇಳುವುದಾದರೆ, ಇಷ್ಟು ಲಕ್ಷಣವಾಗಿ ಕಂಡರೆ ಶೇಕಡ ಎಂಬತ್ತು ಬಂದೀತೆ ಎಂಬ ಯೋಚನೆ. ಹೆತ್ತ ತಾಯಿ ಇನ್ನಷ್ಟು ಕುಗ್ಗಿ ಕಾಣಲೆಂದು ಮಗ ಆಶಿಸಿದ ಗಳಿಗೆ ಅದು. ಹತ್ತು ಸಾವಿರ ರೂಪಾಯಿಗೆ.

ವೈದ್ಯರು ಒಳ್ಳೆಯವರು, ಚಿಕ್ಕ ವಯಸ್ಸಿನವರು. "ಅಜ್ಜಿ, ಊಟ ನೀವೇ ಮಾಡ್ತೀರಾ?" ಎಂದು ಕೇಳಿದರು.

"ಮಾಡ್ತೀನಪ್ಪ. ಯಾರ ಹಂಗೂ ಇಲ್ಲ."

"ಬಾತ್‌ರೂಮಿಗೆ?"

"ಗೋಡೆ ಹಿಡ್ಕೊಂಡು ಹೋಗ್ತೀನಿ."

ವೈದ್ಯರು ನನ್ನ ಹಾಳೆಯನ್ನು ನೋಡಿದರು, ಅನಂತರ ನನ್ನ ಮುಖ ನೋಡಿದರು. ನಾನು ಹೇಳಿದೆ: "ಇಲ್ಲ ಡಾಕ್ಟ್ರೇ, ಊಟ ನಾವೇ ಮಾಡಿಸೋದು. ರಾತ್ರಿ ಹೊತ್ತು ಹಾಸಿಗೆಯಲ್ಲೇ ಆಗಿಬಿಡುತ್ತೆ." ಅಮ್ಮ ನನ್ನ ಕಡೆ ತಿರುಗಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ಸೆರಗಿನ ಮರೆಗೆ ಇಟ್ಟುಕೊಂಡಳು. ಆಟೋದಲ್ಲಿ ಮನೆ ತಲುಪುವವರೆಗೂ ಮಾತಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ. ಹಾಗಾದರೆ ಅವಳು ಹೇಳಿದ್ದು ಸುಳ್ಳೆ? ಎಡಗೈಯಲ್ಲಿ ಚಮಚ ಹಿಡಿದು, ಅರ್ಧ ಮಡಿಲಿಗೆ ಚೆಲ್ಲಿ, ಮುಕ್ಕಾಲು ಗಂಟೆ ಹೆಣಗಿ ಅವಳು ಉಣ್ಣುವುದುಂಟು. ಕಾಲೇಜಿಗೆ ಹೊತ್ತಾಯಿತೆಂದು ಚಮಚ ಕಿತ್ತುಕೊಂಡು ತಿನ್ನಿಸುವವರು ನಾವು. ತರಗತಿಯಲ್ಲಿ ಪ್ರತಿವರ್ಷ ರಾಘವಾಂಕನ ಹರಿಶ್ಚಂದ್ರನನ್ನು ಕೊಂಡಾಡುತ್ತೇನೆ. ಸತ್ಯ ಅವನದು, ಮಗನನ್ನು ಕಟ್ಟಿಕೊಂಡು ಪರರ ಮನೆಗೆ ಮಾರಾಟವಾಗಿ ಹೋದವಳು ಚಂದ್ರಮತಿ. ಅವಳ ಕಡೆಯಿಂದ ಈ ಕಾವ್ಯವನ್ನು ಒಮ್ಮೆಯೂ ಪಾಠ ಮಾಡಲಿಲ್ಲವೆಂಬುದು ಆ ಆಟೋದಲ್ಲಿ ನೆನಪಾಯಿತು.

ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಮನುಷ್ಯರ ಕಷ್ಟವನ್ನು ಶೇಕಡದಲ್ಲಿ ಅಳೆಯುವುದು ಅಮಾನುಷ ಎಂದು ನನ್ನ ಸ್ನೇಹಿತರನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನೆರೆಮನೆಯವರಿಗೆ ಪ್ರಮಾಣಪತ್ರ ಬೇಡ, ಅವರಿಗೆ ನಮ್ಮ ಪರಿಚಯವಿದೆ. ಪರಿಚಯವಿಲ್ಲದವನು ನ್ಯಾಯವಾಗಿ ಹಂಚಬೇಕಾದರೆ ಅವನಿಗೊಂದು ಅಳತೆಗೋಲು ಬೇಕೇ ಬೇಕು. ಅದಿಲ್ಲದಿದ್ದರೆ ಅಧಿಕಾರಿಯ ಗುರುತಿನವರಿಗೆ ಸವಲತ್ತು, ಗುರುತಿಲ್ಲದ ಕೂಲಿಯವನ ತಾಯಿಗೆ ಬರಿಗೈ. ವೈದ್ಯರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಹಾಗಾದರೆ ನಾನು ಅವಳನ್ನು ಹೊರಗೆ ಕೂರಿಸಿ ಗುಟ್ಟಾಗಿ ಹೇಳಬೇಕಾಗಿತ್ತೆ? ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಅದು ಇನ್ನೂ ಕೆಟ್ಟದೆಂದು ಈಗ ತೋರುತ್ತದೆ; ಬುದ್ಧಿ ನೆಟ್ಟಗಿರುವ ಹೆಂಗಸನ್ನು ಮಗುವೆಂದು ಎಣಿಸಿದಂತೆ. ತಪ್ಪು ನಡೆದದ್ದು ವೈದ್ಯರ ಕೋಣೆಯಲ್ಲಲ್ಲ, ಹಿಂದಿನ ರಾತ್ರಿ ನನ್ನ ಮೇಜಿನ ಮೇಲೆ. ಅರ್ಜಿಯಲ್ಲಿ 'ಅರ್ಜಿದಾರರು' ಎಂಬಲ್ಲಿ ಇದ್ದದ್ದು ಅವಳ ಹೆಸರು, ಅವಳ ಬೆರಳು. ಅದರಲ್ಲಿ ಏನಿದೆಯೆಂದು ಓದಿ ಹೇಳುವ ಸೌಜನ್ಯ ನನಗೆ ಇರಲಿಲ್ಲ. ತನ್ನ ವಿಷಯವಾಗಿ ತಾನೇ ಸಲ್ಲಿಸಿದ್ದ ಹೇಳಿಕೆಯನ್ನು ಅವಳು ಮೊದಲ ಬಾರಿಗೆ ಕೇಳಿದ್ದು ಅಪರಿಚಿತರ ಮುಂದೆ, ನನ್ನ ಬಾಯಿಂದ.

ಗುರುತಿನ ಚೀಟಿ ಅಂಚೆಯಲ್ಲಿ ಬಂತು, ಶೇಕಡ 75. ಅಮ್ಮ ಕನ್ನಡಕ ಹಾಕಿಸಿಕೊಂಡು ಅಂಕಿಯನ್ನು ನೋಡಿ, "ನೂರಕ್ಕೇ ತಾನೆ? ಪರವಾಗಿಲ್ಲ, ಫಸ್ಟ್ ಕ್ಲಾಸು" ಎಂದಳು. ತಮಾಷೆಗೆ ಹೇಳಿದಳೋ ಹಾಗೇ ತಿಳಿದಳೋ, ನಾನು ಕೇಳಲಿಲ್ಲ.

ಮರುವರ್ಷ ಗಾಲಿಕುರ್ಚಿಗೆಂದು ಇನ್ನೊಂದು ಅರ್ಜಿ ಬರೆಯಬೇಕಾಯಿತು. ಈ ಸಲ ಅವಳ ಮಂಚದ ಪಕ್ಕದಲ್ಲೇ ಕುಳಿತು ಒಂದೊಂದು ಸಾಲನ್ನೂ ಓದಿದೆ. ಎರಡು ಕಡೆ "ಹೂಂ" ಎಂದಳು. ಮೂರನೆಯ ಕಡೆ ತಡೆದಳು.

"ಉಣ್ಣೋಕೆ ಆಗಲ್ಲ ಅಂತ ಬರೀಬೇಡ. ಕಲಸೋಕೆ ಆಗಲ್ಲ ಅಂತ ಬರಿ."

ಹೊಡೆದುಹಾಕಿ, ಹಾಗೇ ಬರೆದೆ.